ಮೊದಲು ನೀರು, ಆಮೇಲೆ ಆಸಿಡ್
ಹುಮನಾಬಾದಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು, ಸೂಚನಾ ಫಲಕ ಇಂಗ್ಲಿಷಿನ ಜೊತೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದಿತು. ಉಳಿದವರು? ಓದಲು ಬಾರದವರು?

ಅಂಥವರಿಗೆ ಸುರಕ್ಷತೆ ಕಲಿಸಲು ಮೊಬೈಲ್ ವಿಡಿಯೊನೇ ಸರಿ. ಹಿನ್ನೆಲೆ ಸಂಗೀತ ತುಂಬಿದ ಜಾಹೀರಾತಿನಂಥದ್ದಲ್ಲ; ಅದೇ ಶೆಡ್ಡಿನಲ್ಲಿ, ಅದೇ ಕೆಲಸ ಮಾಡುವವರ ಕೈಗಳನ್ನು ಹತ್ತಿರದಿಂದ ತೆಗೆದದ್ದು. ಯಂತ್ರದ ಗದ್ದಲದಲ್ಲಿ ಮಾತು ಕೇಳಿಸದು, ಧ್ವನಿ ಇಲ್ಲದೆಯೂ ತಿಳಿಯಬೇಕು. ಉದಾಹರಣೆಗೆ, ನೀರಿಗೆ ಆಸಿಡ್ ನಿಧಾನವಾಗಿ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ಅದಲುಬದಲಾದರೆ ಕುದಿದು ಮುಖಕ್ಕೇ ಸಿಡಿಯುತ್ತದೆ. ಇದನ್ನು ಎಷ್ಟು ಸಾಲು ಬರೆದರೂ ಕಣ್ಣಿಗೆ ಕಟ್ಟದು.

ಬಸವಕಲ್ಯಾಣದ ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಉಸ್ತಾದ್ ಪಕ್ಕದಲ್ಲೇ ನಿಂತು ಹುಡುಗನ ಕೈ ತಿದ್ದುತ್ತಾರೆ. ವಿಡಿಯೊ ಹಾಗೆ ತಿದ್ದದು. ಆದ್ದರಿಂದ ನೋಡಿದವರು ಸೂಪರ್‌ವೈಸರ್ ಎದುರು ಒಮ್ಮೆ ಮಾಡಿ ತೋರಿಸಲಿ.