ಕೊನೆಯ ಬಸ್ಸು ಹೊರಟ ಮೇಲಿನ ಕೊಲ್ಲಾಪುರ

ಅತಿಥಿ ದೇವೋ ಭವ ಎಂಬ ಮಾತನ್ನು ಮೂವತ್ತು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಹೇಳಿಸುತ್ತ ಬಂದಿದ್ದೇವೆ. ಆದರೆ ಅತಿಥಿಯೇ ಎದುರಿಗೆ ಕುಳಿತು ಒಂದು ಸಾದಾ ಪ್ರಶ್ನೆ ಕೇಳಿದಾಗ ಉತ್ತರ ತೋಚದೆ ತಡವರಿಸಿದ ಪ್ರಸಂಗ ಕಳೆದ ಚಳಿಗಾಲದಲ್ಲಿ ಒದಗಿತು. ಅದನ್ನು ಓದುಗ ಬಂಧುಗಳ ಮುಂದೆ ಒಪ್ಪಿಸುವುದೇ ಈ ಬರಹದ ಉದ್ದೇಶ.

ನಮ್ಮ ಅಕ್ಕನ ಮಗ ಜಪಾನಿನ ಓಸಾಕಾ ನಗರದಲ್ಲಿ ನೌಕರಿಯಲ್ಲಿದ್ದಾನೆ. ಹೆಂಡತಿ ಹಾಗೂ ಹತ್ತು ವರ್ಷದ ಮಗಳೊಡನೆ ಗಡಹಿಂಗ್ಲಜ ತಾಲೂಕಿನ ನಮ್ಮ ಹಳ್ಳಿಗೆ ನಾಲ್ಕು ದಿನಗಳ ಮಟ್ಟಿಗೆ ಬಂದಿದ್ದ. ಊಟವಾದ ಬಳಿಕ ಆ ನಗರದ ಸಂಜೆಯನ್ನು ವರ್ಣಿಸತೊಡಗಿದ. ದೋತೊಂಬೊರಿ ಎಂಬ ಕಾಲುವೆಯ ಇಕ್ಕೆಲಗಳಲ್ಲಿ ಬಣ್ಣದ ದೀಪಗಳು ನೀರಿನಲ್ಲಿ ಅಲುಗಾಡುವುದು, ಜನ ಅಂಗಡಿಗಳ ಮುಂದೆ ನಿಂತೇ ಬಿಸಿಬಿಸಿ ತಿನ್ನುವುದು, ಬುನ್ರಾಕು ಎಂಬ ಹಳೆಯ ಗೊಂಬೆಯಾಟಕ್ಕೆಂದೇ ಅಲ್ಲಿಯ ಸರಕಾರ 1984ರಲ್ಲಿ ತೆರೆದ ರಂಗಮಂದಿರ, ಒಂದೊಂದು ಗೊಂಬೆಯನ್ನು ಮೂವರು ಸೇರಿ ಆಡಿಸುವ ಕೌಶಲ, ಇವೆಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿ, ಕೊನೆಗೆ ಕೇಳಿದ: "ನಮ್ಮ ಕೊಲ್ಲಾಪುರದಾಗ ಸಂಜೀಮುಂದ ನೋಡೂವಂಥಾದ್ದು ಏನೈತ್ರಿ, ಮಾವಾ?"

ನಾವು ಸುಮ್ಮನಾದೆವು. ಜಿಲ್ಲೆಯ ಮುಖ್ಯ ಸ್ಥಳವಾದ ಆ ಊರಿಗೆ ನೂರಾರು ಸಲ ಹೋಗಿದ್ದೇವೆ. ತರಬೇತಿಗೆ, ಸಭೆಗೆ, ದವಾಖಾನೆಗೆ, ಕಾಗದಪತ್ರಗಳಿಗೆ. ಆದರೆ ಮಧ್ಯಾಹ್ನ ಇಳಿಯುತ್ತಲೇ ನಮ್ಮ ಕಣ್ಣು ಗಡಿಯಾರದ ಮೇಲೆ. ಗಡಹಿಂಗ್ಲಜದಿಂದ ನಮ್ಮ ಹಳ್ಳಿಗೆ ಬರುವ ಕೊನೆಯ ಬಸ್ಸು ತಪ್ಪಬಾರದು! ಹೀಗಾಗಿ ದೀಪ ಹಚ್ಚುವ ಹೊತ್ತಿನ ಕೊಲ್ಲಾಪುರವನ್ನು ನಾವು ಕಂಡೇ ಇರಲಿಲ್ಲ.

ಇದರಲ್ಲಿ ನಮ್ಮನ್ನು ಚುಚ್ಚುವ ಇನ್ನೊಂದು ಸಂಗತಿಯಿದೆ. ನಮ್ಮ ತಂದೆಯವರು ಒಕ್ಕಲುತನದವರು. ಆದರೆ ಊರಿನ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕೊಲ್ಲಾಪುರದ ಪ್ಯಾಲೇಸ್ ಥಿಯೇಟರಿನಲ್ಲಿ ಕುಳಿತು ಒಂದು ಸಂಗೀತ ನಾಟಕ ಕೇಳಬೇಕೆಂಬುದು ಅವರ ಬಯಕೆ. ಕೊನೆಯ ವರ್ಷಗಳಲ್ಲಿ ಕಣ್ಣಿನ ಚಿಕಿತ್ಸೆಗೆಂದು ಐದಾರು ಸಲ ಅವರನ್ನು ಅಲ್ಲಿಗೆ ಕರೆದೊಯ್ದೆವು. ಪ್ರತಿ ಸಲವೂ ಅವರು ಆ ಮಾತು ತೆಗೆಯುವರು. ಪ್ರತಿ ಸಲವೂ ನಾವು, "ಮುಂದಿನ ಸಲ ನೋಡೋಣು, ಅಪ್ಪಾ, ಬಸ್ಸು ಹೋಗತೈತಿ" ಎನ್ನುವೆವು. ಆ ಮುಂದಿನ ಸಲ ಬರುವ ಮೊದಲೇ ಅವರು ತೀರಿಕೊಂಡರು.

ಆದ್ದರಿಂದ ಅಳಿಯನಿಗೆ, "ನಾಳೆ ಹೋಗಿ ರಾತ್ರಿ ಅಲ್ಲೇ ಉಳಿಯೋಣು" ಎಂದುಬಿಟ್ಟೆವು. ನಮ್ಮ ಮನೆಯವರು ಆಶ್ಚರ್ಯದಿಂದ ನೋಡಿದರು.

ಸಂಕೇಶ್ವರ, ನಿಪ್ಪಾಣಿಗಳ ಮೇಲಿನ ದಾರಿ. ನಮ್ಮ ತಾಲೂಕಿನಿಂದ ನಮ್ಮದೇ ಜಿಲ್ಲೆಯ ಮುಖ್ಯ ಸ್ಥಳಕ್ಕೆ ಹೋಗಲು ನಡುವೆ ಕರ್ನಾಟಕವನ್ನು ದಾಟಬೇಕೆಂಬುದು ಹುಡುಗಿಗೆ ಬಲು ಮೋಜೆನಿಸಿತು. ಸೂರ್ಯಾಸ್ತಕ್ಕೆ ಸರಿಯಾಗಿ ಮಹಾಲಕ್ಷ್ಮಿಯ ಗುಡಿ ಸೇರಿದೆವು. ಜನವರಿಯ ಕೊನೆ, ಫೆಬ್ರವರಿಯ ಮೊದಲ ದಿನಗಳಲ್ಲಿ ಹಾಗೂ ನವೆಂಬರಿನ ಎರಡನೆಯ ವಾರದ ಸುಮಾರಿಗೆ ಮುಳುಗುವ ಸೂರ್ಯನ ಕಿರಣಗಳು ಮಹಾದ್ವಾರದಿಂದ ಗರ್ಭಗುಡಿಯವರೆಗೆ ಬಂದು, ಒಂದು ದಿನ ದೇವಿಯ ಪಾದ, ಮರುದಿನ ಎದೆ, ಮೂರನೆಯ ದಿನ ಮುಖವನ್ನು ಮುಟ್ಟುವುದುಂಟು. ಕಿರಣೋತ್ಸವವೆಂದು ಅದರ ಹೆಸರು. ನಾವು ಹೋದದ್ದು ಆ ದಿನಗಳಲ್ಲಲ್ಲ. ಆದರೂ ಸಂಜೆಯ ಆರತಿಯ ಗಂಟೆಗಳ ನಡುವೆ ನಿಂತದ್ದೇ ಸಾಕೆನಿಸಿತು.

ಅಲ್ಲಿಂದ ಚಪ್ಪಲಿಗಳ ಓಣಿ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೆಂಬ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಒಟ್ಟಿಗೇ ದೊರೆಯಿತು. ಇದನ್ನು ಹೇಳುತ್ತಿದ್ದಂತೆ ನಮ್ಮೊಳಗಿನ ಮಾಸ್ತರಿಗೆ ಹುರುಪು ಬಂದಿತು. ಗಂಗಾವೇಸದ ದೂಧಕಟ್ಟೆಯಲ್ಲಿ ಎಮ್ಮೆಯನ್ನು ಕಣ್ಣೆದುರಿಗೇ ಕರೆದು ಲೋಟ ಕೈಗಿಟ್ಟಾಗ ಹುಡುಗಿಯ ಮೇಲ್ದುಟಿಗೆ ನೊರೆಯ ಮೀಸೆ ಮೂಡಿತು. ರಂಕಾಳ ಕೆರೆಯ ದಂಡೆಯಲ್ಲಿ ಚುರುಮುರಿಯ ಭೇಳ ತಿನ್ನುತ್ತ ಕುಳಿತೆವು. ತಂಗಾಳಿ, ಆಚೆ ದಡದ ಶಾಲಿನಿ ಪ್ಯಾಲೇಸಿನ ನೆರಳು, ನೀರಿನ ಮೇಲೆ ದೀಪಗಳು. ಅಳಿಯ ತನ್ನ ಕಾಲುವೆಯ ಮಾತೆತ್ತಲಿಲ್ಲ.

ಆ ಬಳಿಕ ಖಾಸಬಾಗಕ್ಕೆ ಹೋದೆವು. ಶಾಹೂ ಮಹಾರಾಜರು 1902ರ ಯುರೋಪು ಪ್ರವಾಸದಲ್ಲಿ ರೋಮಿನ ಹಳೆಯ ಬಯಲು ರಂಗವನ್ನು ಕಂಡು ಬಂದು, ಆ ಮಾದರಿಯಲ್ಲಿ ಕಟ್ಟಿಸಿದ ಕುಸ್ತಿಯ ಮೈದಾನವದು, 1912ರಲ್ಲಿ ಮುಗಿಯಿತು. ಎಲ್ಲಿ ಕುಳಿತರೂ ನಡುವಿನ ಕೆಮ್ಮಣ್ಣಿನ ಅಖಾಡ ಕಾಣುತ್ತದೆ. ಅದರ ಮಗ್ಗುಲಲ್ಲೇ 1915ರಲ್ಲಿ ಅವರು ತೆರೆದ ಪ್ಯಾಲೇಸ್ ಥಿಯೇಟರು. ಮುಂದೆ ಅದಕ್ಕೆ ಈ ಊರಲ್ಲೇ ಹುಟ್ಟಿದ ಗಾಯಕ ನಟ ಕೇಶವರಾವ ಭೋಸಲೆಯವರ ಹೆಸರಿಟ್ಟರು. 2024ರ ಆಗಸ್ಟ್ 8ರ ರಾತ್ರಿ, ಅವರ ಜಯಂತಿಯ ಮುನ್ನಾದಿನ, ಆ ರಂಗಮಂದಿರ ಬೆಂಕಿಗೆ ಆಹುತಿಯಾದದ್ದನ್ನು ತಾವೆಲ್ಲರೂ ಬಲ್ಲಿರಿ. ಮರಳಿ ಕಟ್ಟುವ ಕೆಲಸ ಕೈಗೊಂಡಿದ್ದಾರೆ.

ಅಲ್ಲಿ ನಿಂತು ನಾವು ಪಾಠ ಆರಂಭಿಸಿದೆವು. ಕೇಶವರಾಯರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಉತ್ತರ ಕನ್ನಡದ ಕರ್ಕಿಯ ಮೇಳದವರು ಸಾಂಗಲಿಗೆ ಬಂದು ಆಡಿದ ಆಟವನ್ನು ನೋಡಿ ಅಲ್ಲಿಯ ಅರಸರು ವಿಷ್ಣುದಾಸ ಭಾವೆಯವರಿಗೆ ಹೇಳಿದ್ದರಿಂದ 1843ರಲ್ಲಿ ಮರಾಠಿ ರಂಗಭೂಮಿ ಹುಟ್ಟಿತು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಶಾಹೂ ಮಹಾರಾಜರ ಆಸ್ಥಾನ ಗಾಯಕ ಅಲ್ಲಾದಿಯಾಖಾನರ ಮಕ್ಕಳಲ್ಲಿ. ಕೊಡುವುದೂ ಕೊಳ್ಳುವುದೂ ಎರಡೂ ಕಡೆ ನಡೆದಿದೆ...

ಹುಡುಗಿ ನಡುವೆ ಬಾಯಿ ಹಾಕಿದಳು: "ಅಜ್ಜಾ, ನೀವು ಇದರೊಳಗ ಕುಂತು ಏನೇನು ನೋಡೀರಿ?"

"ಏನೂ ನೋಡಿಲ್ಲವ್ವಾ" ಎಂದೆವು. ಮುಂದೆ ಮಾತು ಬರಲಿಲ್ಲ. ಪಾಠ ಅಲ್ಲಿಗೇ ನಿಂತಿತು. ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ನಾವು ಅದರ ಹೊಸ್ತಿಲನ್ನೇ ತುಳಿದಿರಲಿಲ್ಲ, ತುಳಿಯಬೇಕೆಂದಿದ್ದವರನ್ನು ತುಳಿಯಗೊಟ್ಟಿರಲಿಲ್ಲ.

ಮರುದಿನ ಸಂಜೆ ಇಚಲಕರಂಜಿಯಲ್ಲಿ ನಮ್ಮ ಮನೆಯವರ ತಮ್ಮನ ಮನೆಗೆ ಹೋದೆವು. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದ ಊರದು. ಗ್ವಾಲಿಯರಿನ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಅವರ ಹೆಸರಿನೊಡನೆ ಕೂಡಿಕೊಂಡ ಊರೂ ಅದೇ. ನಮ್ಮ ಭಾವಮೈದುನ ಮಗ್ಗದ ಕೆಲಸಗಾರ, ರಾತ್ರಿ ಪಾಳಿ. ಸಂಜೆಯಾಗುತ್ತಲೇ ಬುತ್ತಿ ಹಿಡಿದು ಹೊರಟರು. ಊರು ತಿರುಗಿ ನೋಡಲು ಬಂದ ನಮಗೆ ಸಂಜೆಯೆಂದರೆ ವಿಹಾರ. ಅವರಿಗೆ ದುಡಿತದ ಆರಂಭ. ಓಣಿಯ ತುಂಬ ಖಟಖಟ ಸದ್ದು. ಅದನ್ನು ಕೇಳುತ್ತಲೇ ಆ ರಾತ್ರಿ ಮಲಗಿದೆವು.

ಹಳ್ಳಿಗೆ ಮರಳಿದ ರಾತ್ರಿ ಅಟ್ಟದ ಮೇಲಿನ ಹಾರ್ಮೋನಿಯಂ ಇಳಿಸಿ ಧೂಳು ಒರೆಸಿದೆವು. ಎರಡು ಸ್ವರಗಳು ಏಳಲೇ ಇಲ್ಲ. ಆದರೂ ತಂದೆಯವರ ಮೇಳದಲ್ಲಿ ಉಳಿದಿರುವ ಇಬ್ಬರು ಹಿರಿಯರು ಬಂದು ನಡುರಾತ್ರಿಯವರೆಗೆ ಪಾರಿಜಾತದ ಪದಗಳನ್ನು ಹಾಡಿದರು. ಹುಡುಗಿ ಅವರ ಮೊಣಕಾಲಿಗೆ ಒರಗಿಕೊಂಡು ಕೇಳಿದಳು. ಗೊಂಬೆಗಳಿಲ್ಲವೇ ಎಂದು ಒಮ್ಮೆ ಮಾತ್ರ ಕೇಳಿದಳು.

ಓದುಗ ಬಂಧುಗಳೇ, ತಮ್ಮ ಮನೆಗೂ ನೆಂಟರು ಬರುತ್ತಾರೆ. ತಮ್ಮ ಮನೆಯಲ್ಲಿಯೂ ಏನನ್ನೋ ನೋಡಬಯಸಿ ಬಾಯಿಬಿಟ್ಟು ಒತ್ತಾಯಿಸದ ಹಿರಿಯರಿರುತ್ತಾರೆ. ಬಸ್ಸು ಬೆಳಿಗ್ಗೆಯೂ ಇರುತ್ತದೆ. ಆ ಇಬ್ಬರು ಹಿರಿಯರಿಗೆ ನಾವು ಮಾತು ಕೊಟ್ಟಿದ್ದೇವೆ: ರಂಗಮಂದಿರ ಮತ್ತೆ ತೆರೆದು ಮೊದಲ ಸಂಗೀತ ನಾಟಕ ಬಂದ ದಿನ ಅವರನ್ನು ಕರೆದೊಯ್ದು, ರಾತ್ರಿ ಅಲ್ಲಿಯೇ ತಂಗಿ ಬರುವುದೆಂದು. ಒಬ್ಬರಿಗೆ ಎಂಬತ್ತೊಂದು, ಇನ್ನೊಬ್ಬರಿಗೆ ಎಪ್ಪತ್ತೆಂಟು. ಶಾಲೆಗೆ ಹೋಗುವಾಗ ದಿನಾಲು ಕಟ್ಟೆಯ ಮೇಲಿಂದ ಕೇಳುತ್ತಾರೆ, "ಯಾವಾಗ್ರೀ, ಮಾಸ್ತರ?"