ಬೆಳಕು, ಬಂಡೆ ಮತ್ತು ಅಪ್ಪಣೆ

ಆಸ್ಟ್ರೇಲಿಯಾದ ಒಳನಾಡನ್ನು ದಕ್ಷಿಣೋತ್ತರವಾಗಿ ಸೀಳಿಕೊಂಡು ಸಾಗುವ ಸ್ಟುವರ್ಟ್ ಹೆದ್ದಾರಿಯ ಉದ್ದ ಸುಮಾರು 2,700 ಕಿ.ಮೀ. ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ವರೆಗಿನ ಈ ಹಾದಿಯಲ್ಲಿ ಊರುಗಳು ವಿರಳ, ಆಕಾಶ ಅಪಾರ. ಭೂದೃಶ್ಯಗಳ ಛಾಯಾಚಿತ್ರ ತೆಗೆಯುವವರು ಇಲ್ಲಿ ಕಾರಿಗಿಂತ ಕ್ಯಾಂಪರನ್ನೇ ಮೆಚ್ಚುತ್ತಾರೆ. ಮಲಗುವ ಮಂಚ, ಪುಟ್ಟ ಒಲೆ, ನೀರಿನ ತೊಟ್ಟಿ ಇವೆಲ್ಲವನ್ನೂ ಹೊತ್ತ ಈ ವಾಹನವು ಬೆಳಕಿಗಾಗಿ ಕಾಯಲು ಅನುವು ಮಾಡಿಕೊಡುತ್ತದೆ. ನಡುಹಗಲಿನಲ್ಲಿ ಕೆಂಪು ಮಣ್ಣು ಬಣ್ಣಗೆಟ್ಟು ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯ ದಿಗಂತಕ್ಕೆ ಇಳಿದಾಗ ಮಾತ್ರ ಒಂದೊಂದು ಹುಲ್ಲುಗಂಟಿಗೂ ನೆರಳು ಮೂಡಿ ನೆಲಕ್ಕೆ ಆಳ ಒದಗುತ್ತದೆ.

ಆದರೆ ಅದೇ ಹೊತ್ತು ಕಾಂಗರೂಗಳು ರಸ್ತೆಗೆ ಬರುವ ಹೊತ್ತು. ಬಾಡಿಗೆಯ ಕ್ಯಾಂಪರುಗಳ ಕರಾರುಪತ್ರಗಳಲ್ಲಿ ಒಳನಾಡಿನ ರಾತ್ರಿ ಚಾಲನೆಗೂ ಡಾಂಬರಿಲ್ಲದ ಹಾದಿಗೂ ನಿರ್ಬಂಧವಿರುವುದು ಸಾಮಾನ್ಯ. ಮೀರಿದವನಿಗೆ ವಿಮೆಯ ರಕ್ಷಣೆ ತಪ್ಪಬಹುದು. ಆ ಸಣ್ಣ ಅಕ್ಷರಗಳನ್ನು ಓದದೆ ಸಹಿ ಮಾಡುವವರೇ ಹೆಚ್ಚು! ಆದಕಾರಣ ಬಲ್ಲವರು ಚಿತ್ರ ದೊರೆಯುವ ಸ್ಥಳದಲ್ಲಿಯೇ ರಾತ್ರಿ ತಂಗುತ್ತಾರೆ. ಮಸೂರವನ್ನು ಬದಲಿಸುವುದು ಬಾಗಿಲು ಮುಚ್ಚಿದ ವಾಹನದೊಳಗೆ ಮಾತ್ರ, ಏಕೆಂದರೆ ಅಲ್ಲಿನ ಕೆಂಪು ಧೂಳು ಹಿಟ್ಟಿನಷ್ಟು ನುಣುಪು.

ಅಂತಹ ತಂಗುದಾಣಗಳಲ್ಲೊಂದು ಟೆನ್ನಂಟ್ ಕ್ರೀಕ್ ಪಟ್ಟಣದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದ ಕಾರ್ಲು ಕಾರ್ಲು. ಬಿಳಿಯರು ಇದನ್ನು ‘ಡೆವಿಲ್ಸ್ ಮಾರ್ಬಲ್ಸ್’, ಅಂದರೆ ಸೈತಾನನ ಗೋಲಿಗಳು ಎಂದು ಕರೆದರು. ಬಿರುಕುಗಳುದ್ದಕ್ಕೂ ಸವೆದು ದುಂಡಾದ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ನಿಂತಿವೆ. ಬೆಳಗಿನ ಬೆಳಕಿನಲ್ಲಿ ಅವು ಒಳಗಿನಿಂದಲೇ ಉರಿಯುವಂತೆ ತೋರುತ್ತವೆ. ವಾರುಮುಂಗು ಮೊದಲಾದ ಮೂಲನಿವಾಸಿಗಳಿಗೆ ಇದು ಪವಿತ್ರ ಸ್ಥಳ. ಹಾರುವ ವೈದ್ಯರ ಸೇವೆಯನ್ನು ಸ್ಥಾಪಿಸಿದ ಜಾನ್ ಫ್ಲಿನ್ 1951ರಲ್ಲಿ ತೀರಿಕೊಂಡ ಬಳಿಕ, ಆಲಿಸ್ ಸ್ಪ್ರಿಂಗ್ಸ್ ಸಮೀಪದ ಆತನ ಸಮಾಧಿಗೆಂದು ಇಲ್ಲಿಂದ ಒಂದು ಬಂಡೆಯನ್ನು ಸಾಗಿಸಲಾಯಿತು. ಗೌರವಿಸುವ ಉದ್ದೇಶವೇನೋ ಇತ್ತು. ಬಂಡೆಯ ವಾರಸುದಾರರ ಒಪ್ಪಿಗೆ ಇರಲಿಲ್ಲ. ಅದು ಮರಳಿ ತನ್ನ ನೆಲ ಸೇರಿದ್ದು 1999ರಲ್ಲಿ. ಸಮಾಧಿ ಬರಿದಾಗದಿರಲೆಂದು ಅರೆರ್ಂಟ್ ಜನರು ತಮ್ಮ ನೆಲದ ಇನ್ನೊಂದು ಬಂಡೆಯನ್ನು ಕೊಟ್ಟರು. ಯಾವ ನ್ಯಾಯಾಲಯದ ತೀರ್ಪಿಗೂ ಕಡಿಮೆಯಿಲ್ಲದ ಔದಾರ್ಯವದು.

ಉಲುರುವಿನ ಬಳಿ ಪ್ರಶ್ನೆ ಇನ್ನೂ ಸೂಕ್ಷ್ಮ. ಬಯಲಿನಿಂದ 348 ಮೀಟರ್ ಎತ್ತರಕ್ಕೇರಿ, ಬುಡದಲ್ಲಿ 9.4 ಕಿ.ಮೀ. ಸುತ್ತಳತೆಯಿರುವ ಈ ಮರಳುಗಲ್ಲಿನ ನಿಜವಾದ ಬಣ್ಣ ಬೂದು. ಕಬ್ಬಿಣದ ಅಂಶ ತುಕ್ಕು ಹಿಡಿದು ಮೈ ಕೆಂಪಾಗಿದೆ. 1873ರಲ್ಲಿ ವಿಲಿಯಂ ಗಾಸ್ ಇದಕ್ಕೆ ‘ಏಯರ್ಸ್ ರಾಕ್’ ಎಂದು ಹೆಸರಿಟ್ಟ. 1993ರಲ್ಲಿ ಎರಡೂ ಹೆಸರುಗಳು ಅಧಿಕೃತವಾದವು. 2002ರಲ್ಲಿ ಉಲುರು ಮೊದಲಿಗೆ ಬಂತು. ಫಲಕದಲ್ಲಿ ಯಾವ ಹೆಸರು ಮೊದಲು ಎಂಬುದು ಅಲ್ಪ ವಿಷಯವಲ್ಲವೆಂದು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. 1985ರ ಅಕ್ಟೋಬರ್ 26ರಂದು ಅನಂಗು ಜನರಿಗೆ ನೆಲದ ಒಡೆತನ ಮರಳಿತು. ಅವರು ಅದನ್ನು 99 ವರ್ಷಗಳ ಗೇಣಿಗೆ ಸರ್ಕಾರಕ್ಕೇ ಕೊಟ್ಟರು. 2019ರ ಅದೇ ದಿನಾಂಕದಿಂದ ಬಂಡೆ ಹತ್ತುವುದು ನಿಂತಿತು.

ಬುಡದ ಸುತ್ತಿನ ಕಾಲುದಾರಿಯಲ್ಲಿ ಅಲ್ಲಲ್ಲಿ ಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ಅಲ್ಲಿನ ಗುಹೆ, ಸೀಳು, ಕಲೆಗಳು ಅನಂಗುಗಳಿಗೆ ಧರ್ಮಗ್ರಂಥಕ್ಕೆ ಸಮ. ಕೆಲವನ್ನು ಸ್ತ್ರೀಯರು ಮಾತ್ರ, ಕೆಲವನ್ನು ಪುರುಷರು ಮಾತ್ರ, ಅದೂ ಆಯಾ ಸ್ಥಳದಲ್ಲಿಯೇ ನೋಡತಕ್ಕದ್ದು. ಚಿತ್ರವಾದರೋ ಯಾರ ಕೈಗೂ ಸೇರಬಹುದು. ವಾಣಿಜ್ಯ ಛಾಯಾಗ್ರಾಹಕರಿಗೆ ಪರವಾನಗಿ ಕಡ್ಡಾಯ. ಕಣ್ಣಿಗೆ ಕಂಡುದೆಲ್ಲವೂ ತನ್ನದೆಂಬ ಕ್ಯಾಮೆರಾದ ಅಭ್ಯಾಸಕ್ಕೆ ಇದು ತುಸು ಕಠಿಣವೆನಿಸಬಹುದು, ಅನ್ಯಾಯವಂತೂ ಅಲ್ಲ.

ಸಂಜೆಯ ಕೆಂಪನ್ನು ದೂರದಿಂದ ಸೆರೆಹಿಡಿಯಲು ಪ್ರತ್ಯೇಕ ವೀಕ್ಷಣಾ ಸ್ಥಳವುಂಟು. ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲವಾದ್ದರಿಂದ, ಬಣ್ಣ ಆರಿದೊಡನೆ ಕ್ಯಾಂಪರುಗಳು ಸಾಲುಗಟ್ಟಿ, ನಿಧಾನವಾಗಿ ಯುಲಾರದ ಕಡೆಗೆ ಹೊರಡುತ್ತವೆ.