ಮರುಭೂಮಿಯಲ್ಲಿ ಮಾಗಿ

ತುಂಗಭದ್ರೆಯ ತೀರದಲ್ಲಿ ಹುಟ್ಟಿ, ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳ ನಡುವೆ ಬೆಳೆದವರ ಮನಸ್ಸಿನಲ್ಲಿ ಮರುಭೂಮಿಯೆಂದೊಡನೆ ಬಿಸಿಲಲ್ಲದೆ ಬೇರೊಂದು ಚಿತ್ರ ಮೂಡುವುದಿಲ್ಲ. ಆದುದರಿಂದಲೇ, ಹರಿಹರದ ಬಳಿಯ ಸಾರಥಿಯಿಂದ ನಾವು ನಾಲ್ವರು ಗೆಳೆಯರು ಜನವರಿಯಲ್ಲಿ ಒಂದು ಹಳೆಯ ಜೀಪನ್ನೇರಿ ಜೈಸಲ್ಮೇರಿಗೆ ಹೊರಟು ನಿಂತಾಗ, ಬೀಳ್ಕೊಡಲು ನೆರೆದ ಬಂಧುಬಾಂಧವರು ದಯಪಾಲಿಸಿದ ಹಿತೋಪದೇಶವೆಲ್ಲವೂ ನೀರಿನ ಕ್ಯಾನು, ನಿಂಬೆಹಣ್ಣು, ತಲೆಗೆ ಸುತ್ತುವ ಟವೆಲು ಇವುಗಳ ಸುತ್ತಲೇ ಸುಳಿದಾಡಿತಲ್ಲದೆ, ಉಣ್ಣೆಯ ಮಾತನ್ನೆತ್ತಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ. ನಮ್ಮ ಮೇಷ್ಟರಂತೂ, ಭೂಗೋಳವನ್ನು ಬೋಧಿಸುವವರಾದರೂ, ದಾವಣಗೆರೆಯ ಮಂಡಕ್ಕಿಭಟ್ಟಿಯಿಂದ ತಂದ ಒಂದು ಚೀಲ ಮಂಡಕ್ಕಿಯಿದ್ದರೆ ಭೂಮಂಡಲವನ್ನೇ ಸುತ್ತಿಬರಬಹುದೆಂಬ ಸಿದ್ಧಾಂತದವರು.

ಪುಣೆಯ ಹೆದ್ದಾರಿಯ ವರ್ಣನೆ ಇಲ್ಲಿ ಬೇಡ; ಲಾರಿಗಳ ಬೆನ್ನನ್ನು ದಿಟ್ಟಿಸುತ್ತ ಸಾಗುವ ತಪಸ್ಸು ಅದು. ಜೋಧಪುರವನ್ನು ದಾಟಿದ ಮೇಲೆ ನೆಲವು ತನ್ನ ಹಸುರನ್ನೆಲ್ಲ ಒಂದೊಂದಾಗಿ ಕಳಚಿಡತೊಡಗಿ, ಕಟ್ಟಕಡೆಗೆ ಉಳಿದುಕೊಂಡ ಮರವಾವುದೆಂದು ನೋಡಿದರೆ, ಅದು ನಮ್ಮ ಬನ್ನಿ! ಆಳಕ್ಕೆ ಬೇರಿಳಿಸಿ ಎಲ್ಲಿಯದೋ ತೇವವನ್ನು ಹೀರಿ ಬದುಕುವ ಆ ವೃಕ್ಷವನ್ನು ಅಲ್ಲಿಯವರು ಖೇಜಡಿ ಎನ್ನುತ್ತಾರೆ. ಎಳೆಗಾಯಿಯನ್ನು ಒಣಗಿಸಿಟ್ಟು ಪಲ್ಯ ಮಾಡುತ್ತಾರೆ. ಸೊಪ್ಪನ್ನು ಆಡಿಗೂ ಒಂಟೆಗೂ ತಿನ್ನಿಸುತ್ತಾರೆ. ಜೋಧಪುರದ ಸಮೀಪದ ಖೇಜಡ್ಲಿಯಲ್ಲಿ, 1730ರಲ್ಲಿ, ಅರಸನ ಕಡೆಯವರು ಈ ಮರಗಳನ್ನು ಕಡಿಯಬಂದಾಗ, ಅಮೃತಾದೇವಿಯೆಂಬ ಗೃಹಿಣಿ ಮೊದಲ್ಗೊಂಡು 363 ಮಂದಿ ಬಿಷ್ಣೋಯಿಗಳು ಮರಗಳನ್ನು ತಬ್ಬಿಕೊಂಡೇ ಪ್ರಾಣವನ್ನರ್ಪಿಸಿದರೆಂಬುದನ್ನು ಮೇಷ್ಟರು ಹೇಳಿ ಮುಗಿಸುವುದರೊಳಗೆ, ನಮ್ಮ ಗೌಡರು ಜೀಪನ್ನು ನಿಲ್ಲಿಸಿ, ಇಳಿದು, ದಸರೆಯಲ್ಲದ ದಿನದಲ್ಲಿಯೂ ಬನ್ನಿಗೆ ಕೈಮುಗಿದು ಬಂದರು.

ಜೈಸಲ್ಮೇರಿನ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿಯ ಮರಳುದಿಣ್ಣೆಗಳನ್ನು ತಲುಪಿದಾಗ ಬಿಸಿಲು ಇನ್ನೂ ಹಿತವಾಗಿಯೇ ಇತ್ತು. ಸೂರ್ಯನು ಮರಳಿನಂಚಿಗೆ ಇಳಿದನೋ ಇಲ್ಲವೋ, ಅಂಗಾಲಿನ ಕೆಳಗಣ ಉಸುಕು ಆರಿ ತಣ್ಣಗಾಯಿತು. ಅದರ ಹಿಂದೆಯೇ ಎದ್ದ ಗಾಳಿ ತೆಳ್ಳನೆಯ ಅಂಗಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಳಹೊಕ್ಕಿತು. ಚಹದಂಗಡಿಯವನು, ಶೀತಗಾಳಿ ಬೀಸಿದೆ, ಬೆಳಗಿನ ಜಾವಕ್ಕೆ 3 ಡಿಗ್ರಿಗೆ ಇಳಿದರೂ ಇಳಿದೀತೆಂದು ನಿರ್ವಿಕಾರವಾಗಿ ನುಡಿದನು. ನಾವೋ, ಊರಿನಲ್ಲಿ 15 ಡಿಗ್ರಿಗೇ ಕಿವಿಗೆ ಮಫ್ಲರು ಬಿಗಿಯುವ ಜನ!

“ಮೇಷ್ಟ್ರೇ, ಹಗಲೆಲ್ಲ ಕಾದ ಉಸುಕು ಇಷ್ಟು ಲಗೂನ ಹೆಂಗ್ರೀ ಆರ್ತು?” ಎಂದರು ಗೌಡರು.

ಕಟಕಟಿಸುವ ಹಲ್ಲುಗಳ ನಡುವೆ ಮೇಷ್ಟರು ಕೊಟ್ಟ ಉತ್ತರದ ಸಾರವಿಷ್ಟು: ಒಣಮರಳು ಮಹಾ ದುಂದುಗಾರ, ಹಗಲು ಗಳಿಸಿದ ಶಾಖವನ್ನೆಲ್ಲ ದೀಪ ಹಚ್ಚುವ ಹೊತ್ತಿಗೇ ಕಳೆದುಕೊಂಡು ಬರಿಗೈಯಾಗಿ ಕೂರತಕ್ಕದ್ದು, ನೆಲದಿಂದ ಹೊರಟ ಆ ಶಾಖವನ್ನು ಗಾಳಿಯಲ್ಲಿಯ ನೀರಾವಿಯಾಗಲಿ ಮೋಡವಾಗಲಿ ಹೀರಿ ಒಂದಿಷ್ಟನ್ನು ಹಿಂದಿರುಗಿಸಬೇಕು, ವರ್ಷಕ್ಕೆ 200 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಆ ಸೀಮೆಯಲ್ಲಿ ತಡೆಯುವವರಿಲ್ಲದೆ ಅದು ನೇರವಾಗಿ ಆಕಾಶಕ್ಕೆ ಸೋರಿಹೋಗುತ್ತದೆ. ನನಗೆ ಇದು ತುಸು ವಿಸ್ಮಯವನ್ನೇ ಉಂಟುಮಾಡಿತು. ನೀರೆಂದರೆ ತಂಪು, ಹೊಳೆಯೆಂದರೆ ತಂಪು ಎಂದೇ ನಂಬಿ, ವೈಶಾಖದಲ್ಲಿ ಹೊಳೆಗಿಳಿದು ಅದನ್ನು ಕೊಂಡಾಡಿದ ನಾವು, ಮಾಗಿಯಲ್ಲಿ ನಮ್ಮ ಇರುಳುಗಳನ್ನು ಬೆಚ್ಚಗಿರಿಸುತ್ತಿದ್ದುದೂ ಅದೇ ನೀರೆಂಬುದನ್ನು ತಿಳಿಯಲು ನೀರಿಲ್ಲದ ನಾಡಿಗೇ ಬರಬೇಕಾಯಿತು. ಹರಿಹರದ ಹೊಳೆಯ ದಂಡೆಯಲ್ಲಿ ಮಾಗಿಯ ಬೆಳಗಿನ ಮಂಜನ್ನು ಎಷ್ಟು ಬೈದಿದ್ದೇವೆ!

ಇಂತಿರಲು ಗೌಡರು ಜೀಪಿನ ಹರಕು ಸೀಟಿನ ಮೇಲೆ ಹಾಸಿದ್ದ ಕರಿಯ ಕಂಬಳಿಯನ್ನು ಕೊಡವಿಕೊಂಡು ತಂದರು. ಹೊಳೆಯಾಚೆಯ ಮೆಡ್ಲೇರಿಯಲ್ಲಿ ಕೊಂಡ ಕಂಬಳಿ; ಹುಣಸೆಬೀಜದ ಗಂಜಿ ಕುಡಿದು ಬಿರುಸಾಗಿದ್ದ ಅದು ಮೈಗೆ ಚುಚ್ಚುತ್ತಿದ್ದರೂ, ನಾಲ್ವರೂ ಅದರಡಿ ಹೆಗಲಿಗೆ ಹೆಗಲು ಒತ್ತಿ ಬೆಂಕಿಯ ಮುಂದೆ ಕುಳಿತೆವು. ಒಂದು ತುದಿಯನ್ನು ಯಾರಾದರೂ ಎಳೆದುಕೊಂಡರೆ ಇನ್ನೊಂದು ತುದಿಯವರಿಂದ ಆಕ್ಷೇಪಣೆ ಹೊರಡುವುದು. ಬೆಂಕಿಯ ಆಚೆ ಕುಳಿತಿದ್ದ ಮುದಿ ಒಂಟೆಯಾಳು ಬಹಳ ಹೊತ್ತು ನೋಡಿ, ಎದ್ದುಬಂದು, ಕಂಬಳಿಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಅನುಮತಿಯನ್ನೇನೂ ಕೇಳದೆ ಒಂದೆಳೆಯನ್ನು ಕಿತ್ತು ಕೆಂಡಕ್ಕೆ ಹಿಡಿದು ಮೂಸಿ, ಬೂದಿಯನ್ನು ಪುಡಿಮಾಡಿ ನೋಡಿ, ಕುರಿಯ ಅಸಲು ಉಣ್ಣೆಯೆಂದು ತೀರ್ಪಿತ್ತು, ಬೆಲೆಯೆಷ್ಟೆಂದು ಕೇಳಿದನು. ಮಾರುವುದಿಲ್ಲವೆಂದರೂ ಬಿಡನು. ಬರುವ ವೈಶಾಖದಲ್ಲಿ ಮಗಳ ಮದುವೆಗೆ ಇದೇ ಕಂಬಳಿಯ ಮೇಲೆ ಗದ್ದಿಗೆ ಹಾಕಬೇಕೆಂಬುದನ್ನು ಗೌಡರು ತಮ್ಮ ಹಿಂದಿಯಲ್ಲಿ ವಿವರಿಸಹೊರಟು, ಗದ್ದಿಗೆಯಲ್ಲಿಯೇ ಸಿಕ್ಕಿಕೊಂಡು, ಕಡೆಗೆ ಮೇಷ್ಟರ ಮೊರೆಹೊಕ್ಕರು. ಮದುವೆಯೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುದುಕ ಕೈಬಿಟ್ಟು, ಕುಳಿತು, ಅಳಿಯನ ಮನೆಯಲ್ಲಿ ಒಂಟೆಗಳೆಷ್ಟಿವೆಯೆಂದು ವಿಚಾರಿಸಿದನು. ಒಂದೂ ಇಲ್ಲವೆಂದಾಗ, ಊರಿನಲ್ಲಿ? ಊರಿನಲ್ಲಿಯೂ ಇಲ್ಲ. ಆತನು ಗೌಡರನ್ನು ಕನಿಕರದಿಂದ ನೋಡಿ, ಅವರ ಲೋಟಕ್ಕೆ ಇನ್ನೊಮ್ಮೆ ಚಹ ಬಗ್ಗಿಸುವಂತೆ ಅಂಗಡಿಯವನಿಗೆ ಸನ್ನೆಮಾಡಿದನು.